ವಿಮಾನದ ಬಗ್ಗೆ ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಾನು ಪತ್ರಿಕೋದ್ಯಮದಲ್ಲಿ ಪದವಿ ಮುಗಿಸಿದ್ದೇನೆ. ಚಿಕ್ಕಂದಿನಿಂದ ವಿಮಾನ, ರಾಕೆಟ್ ಅಂದರೆ ಪ್ರಾಣ. ಎಂಜಿನಿಯರಿಂಗ್ ಓದಿಲ್ಲ, ಪೈಲಟ್ ಲೈಸೆನ್ಸೂ ಇಲ್ಲ. ಆದರೂ ಈ ಕ್ಷೇತ್ರದ ಬಗ್ಗೆ ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತ ಆಸೆ. ಇದು ಸಾಧ್ಯವೇ? ಯಾವ ಯಾವ ಕೆಲಸಗಳಿವೆ? ಎಐ ಬಂದ ಮೇಲೆ ಅವು ಉಳಿಯುತ್ತವೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಾಧ್ಯ. ಪೈಲಟ್ ಲೈಸೆನ್ಸ್ ಖಂಡಿತ ಬೇಕಿಲ್ಲ. ಎಂಜಿನಿಯರಿಂಗ್ ಪದವಿ ಇದ್ದರೆ ಕೆಲವು ಕಡೆ ಅನುಕೂಲ, ಇಲ್ಲದಿದ್ದರೂ ದಾರಿಗಳಿವೆ. ಆದರೆ ನಿಮ್ಮ ಆಸೆಯ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಮಾನ ಕಂಡರೆ ಪ್ರಾಣ ಅನ್ನುವವರು ತುಂಬಾ ಜನ ಇದ್ದಾರೆ. ಅವರು ಬರೆಯುವಾಗ ಕಣ್ಣೆಲ್ಲ ವಿಮಾನದ ಮೇಲಿರುತ್ತದೆ, ಓದುವವರ ನೆನಪೇ ಇರುವುದಿಲ್ಲ. ಈ ಕ್ಷೇತ್ರದಲ್ಲಿ ನಿಮ್ಮ ಬರಹವನ್ನು ಸುಮ್ನೆ ಓದಿ ಪಕ್ಕಕ್ಕಿಡುವವರು ಕಡಿಮೆ. ಒಬ್ಬರು ಅದನ್ನು ನೋಡಿಕೊಂಡು ಬೋಲ್ಟ್ ಬಿಗಿ ಮಾಡುತ್ತಾರೆ. ಇನ್ನೊಬ್ಬರು ಕಾಕ್‌ಪಿಟ್‌ನಲ್ಲಿ ಸ್ವಿಚ್ ಒತ್ತುತ್ತಾರೆ. ಎಲ್ಲೋ ಒಬ್ಬ ತಾಯಿ ಮಗಳಿದ್ದ ವಿಮಾನಕ್ಕೆ ಏನಾಯಿತು ಅಂತ ನಿಮ್ಮ ನಾಲ್ಕು ಸಾಲಿಗೆ ಕಾಯುತ್ತಾ ಕೂತಿರುತ್ತಾರೆ. ಓದಿದವರು ಮುಂದೇನು ಮಾಡುತ್ತಾರೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬಲ್ಲವರಿಗೆ ಇಲ್ಲಿ ಕೆಲಸ ಇದೆ.

ಒಂದು ಘಟನೆ ಹೇಳುತ್ತೇನೆ. 1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ 5390 ನಂಬರಿನ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ನ ಮಲಗಾಕ್ಕೆ ಹೊರಟಿತ್ತು. ಸುಮಾರು 17,300 ಅಡಿ ಎತ್ತರಕ್ಕೆ ಏರಿದಾಗ ಕ್ಯಾಪ್ಟನ್ ಎದುರಿನ ಗಾಜು ಕಿತ್ತುಕೊಂಡು ಹೋಯಿತು. ಕ್ಯಾಪ್ಟನ್ ದೇಹ ಅರ್ಧ ವಿಮಾನದ ಹೊರಗೆ. ಸಿಬ್ಬಂದಿ ಅವರ ಕಾಲು ಗಟ್ಟಿಯಾಗಿ ಹಿಡಿದುಕೊಂಡರು, ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ.

ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮುಂಚೆಯಷ್ಟೇ ಬದಲಿಸಿದ್ದರು. ಹಾಕಿದ್ದ 90 ಬೋಲ್ಟ್‌ಗಳಲ್ಲಿ 84 ಬೋಲ್ಟ್‌ಗಳ ವ್ಯಾಸ ಕಡಿಮೆ ಇತ್ತು. ಎಷ್ಟು ಕಡಿಮೆ ಗೊತ್ತೇ? 0.026 ಇಂಚು. ಒಂದು ಮಿಲಿಮೀಟರ್ ಕೂಡ ಇಲ್ಲ. ರಾತ್ರಿ ಪಾಳಿಯಲ್ಲಿ ಬಿಚ್ಚಿದ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವಂತೆ ಕಂಡ ಹೊಸ ಬೋಲ್ಟ್‌ಗಳನ್ನು ಆರಿಸಿದ್ದರು. ಸರಿಯಾದ ನಂಬರ್ ಬಿಡಿಭಾಗಗಳ ಸಚಿತ್ರ ಕ್ಯಾಟಲಾಗ್‌ನಲ್ಲಿ ಇದ್ದೇ ಇತ್ತು. ಅದನ್ನು ನೋಡಿರಲಿಲ್ಲ.

ಇದನ್ನು ಓದಿದ ಕೂಡಲೇ ಮೆಕ್ಯಾನಿಕ್‌ನ ತಪ್ಪು ಅಂತ ಹೇಳಿಬಿಡುವುದು ಸುಲಭ. ನಮ್ಮ ಕೆಲಸದಲ್ಲಿರುವವರು ಕೇಳಬೇಕಾದ ಪ್ರಶ್ನೆ ಬೇರೆ. ನಡುರಾತ್ರಿ, ಜನ ಕಡಿಮೆ, ಕೆಲಸ ಜಾಸ್ತಿ. ಆ ಹೊತ್ತಿನಲ್ಲಿ ಕೈಯಲ್ಲಿರುವ ಬೋಲ್ಟ್ ನಂಬಬೇಕು ಅನಿಸುತ್ತದೆಯೋ, ಪುಸ್ತಕ ತೆಗೆಯಬೇಕು ಅನಿಸುತ್ತದೆಯೋ? ಪುಸ್ತಕದಲ್ಲಿ ಸರಿಯಾದ ಮಾಹಿತಿ ಇದ್ದರೆ ಬರೆದವರ ಕೆಲಸ ಅರ್ಧ ಮುಗಿದಂತೆ. ಬೇಕಾದವರಿಗೆ ಒಂದೇ ನಿಮಿಷದಲ್ಲಿ, ಮಂದ ಬೆಳಕಿನಲ್ಲೂ, ಅದು ಸಿಕ್ಕಿದರೆ ಪೂರ್ತಿ ಮುಗಿದಂತೆ.

ಈ ಪುಸ್ತಕಗಳನ್ನು ಬರೆಯುವುದೇ ಈ ಕ್ಷೇತ್ರದ ದೊಡ್ಡ ಉದ್ಯೋಗ. ಹೊರಗಿನವರಿಗೆ ಕಾಣುವುದು ಪತ್ರಿಕೆಗಳು, ವಿಡಿಯೊಗಳು. ಆದರೆ ಬರವಣಿಗೆಗೆ ತಿಂಗಳು ತಿಂಗಳು ಸಂಬಳ ಕೊಡುವ ಕುರ್ಚಿಗಳು ಜಾಸ್ತಿ ಇರುವುದು ವಿಮಾನ ಕಂಪನಿಗಳ, ಎಂಜಿನ್ ಕಂಪನಿಗಳ, ಬಿಡಿಭಾಗ ಮಾಡುವವರ ಟೆಕ್ನಿಕಲ್ ಪಬ್ಲಿಕೇಶನ್ಸ್ ವಿಭಾಗಗಳಲ್ಲಿ. ಒಂದು ವಿಮಾನದ ಜೊತೆ ಎಷ್ಟು ಬರಹ ಬರುತ್ತದೆ ನೋಡಿ. ರಿಪೇರಿ ಮಾಡುವವರಿಗೆ ಮೇಂಟೆನೆನ್ಸ್ ಮ್ಯಾನ್ಯುಯಲ್, ಬಿಡಿಭಾಗಗಳ ಕ್ಯಾಟಲಾಗ್, ಒಂದೊಂದು ಪಂಪಿಗೂ ವಾಲ್ವಿಗೂ ಅದರದೇ ಮ್ಯಾನ್ಯುಯಲ್. ಪೈಲಟ್‌ಗಳಿಗೆ ಆಪರೇಟಿಂಗ್ ಮ್ಯಾನ್ಯುಯಲ್, ತೊಂದರೆ ಬಂದಾಗ ಥಟ್ಟನೆ ತೆರೆಯುವ ಕ್ವಿಕ್ ರೆಫರೆನ್ಸ್ ಹ್ಯಾಂಡ್‌ಬುಕ್. ಇವುಗಳ ಜೊತೆಗೆ ತಯಾರಕರಿಂದ ಆಗಾಗ ಬರುವ ಸೂಚನೆಗಳು, ಅಂದರೆ ಸರ್ವಿಸ್ ಬುಲೆಟಿನ್‌ಗಳು. ವಿಮಾನ ಹಾರುವಷ್ಟು ಕಾಲ ಇವುಗಳನ್ನು ತಿದ್ದುತ್ತಲೇ ಇರಬೇಕು.

ಈ ಪುಸ್ತಕಗಳಿಗೆ ಒಂದು ಸಾಮಾನ್ಯ ಅಧ್ಯಾಯ ಕ್ರಮ ಇದೆ. ಎಟಿಎ ಚಾಪ್ಟರ್ ಅನ್ನುತ್ತಾರೆ. 27 ಅಂದರೆ ಫ್ಲೈಟ್ ಕಂಟ್ರೋಲ್, 28 ಇಂಧನ, 29 ಹೈಡ್ರಾಲಿಕ್, 32 ಲ್ಯಾಂಡಿಂಗ್ ಗೇರ್. ವಿಮಾನ ಯಾರದೇ ಇರಲಿ, ಲ್ಯಾಂಡಿಂಗ್ ಗೇರ್ ಬೇಕು ಅಂದರೆ ಮೆಕ್ಯಾನಿಕ್ ಕೈ ನೇರವಾಗಿ 32ಕ್ಕೆ ಹೋಗುತ್ತದೆ. ಭಾಷೆಗೂ ಒಂದು ಮಾನದಂಡ ಇದೆ: ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್, ಚಿಕ್ಕದಾಗಿ ಎಸ್‌ಟಿಇ, ದಾಖಲೆಯ ಹೆಸರು ಎಎಸ್‌ಡಿ-ಎಸ್‌ಟಿಇ100. ಇಂಗ್ಲಿಷ್ ಮಾತೃಭಾಷೆ ಅಲ್ಲದ ಮೆಕ್ಯಾನಿಕ್‌ಗಳು ಲೋಕದ ಎಲ್ಲ ಕಡೆ ಇದ್ದಾರಲ್ಲ, ಅವರಿಗಾಗಿ ಹುಟ್ಟಿದ್ದು. ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು. ಸಾಮಾನ್ಯವಾಗಿ ಒಂದು ವಾಕ್ಯಕ್ಕೆ ಒಂದೇ ಸೂಚನೆ. ಒಂದು ಪದಕ್ಕೆ ಒಂದೇ ಅರ್ಥ.

ಈ ಕೆಲಸ ಹೇಗಿರುತ್ತದೆ ಅಂತ ತೋರಿಸಲು ಒಂದು ಉದಾಹರಣೆ ನಾನೇ ಕಟ್ಟಿ ಕೊಡುತ್ತೇನೆ. ಡಿಸೈನ್ ಎಂಜಿನಿಯರ್‌ನಿಂದ ನಿಮಗೆ ಹೀಗೊಂದು ಟಿಪ್ಪಣಿ ಬಂತು ಅಂದುಕೊಳ್ಳಿ:

"ಫಿಲ್ಟರ್ ತೆಗೆದಾಗ ಸೀಲ್ ಹಾಳಾಗಿರುವುದು ಕಂಡುಬಂದಲ್ಲಿ ಅದನ್ನು ಬದಲಿಸಿ ಮತ್ತೆ ಜೋಡಿಸತಕ್ಕದ್ದು, ಇದಕ್ಕೆ ಮುನ್ನ ಹೈಡ್ರಾಲಿಕ್ ಒತ್ತಡ ಇಳಿದಿರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ."

ವ್ಯಾಕರಣ ಸರಿ ಇದೆ. ಆದರೆ ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿ, ಅಂದರೆ ಹ್ಯಾಂಗರ್‌ನಲ್ಲಿ ನಿಂತು ಓದಿ. ಮೊದಲ ಪದವೇ ಫಿಲ್ಟರ್, ಹಾಗಾಗಿ ಕೈ ಮೊದಲು ಫಿಲ್ಟರಿಗೆ ಹೋಗುತ್ತದೆ. ಒತ್ತಡದ ಮಾತು ಬರುವಷ್ಟರಲ್ಲಿ ಬಿಸಿ ದ್ರವ ಮುಖಕ್ಕೆ ಚಿಮ್ಮಿರುತ್ತದೆ. "ಅದನ್ನು" ಅಂದರೆ ಸೀಲನ್ನೋ ಫಿಲ್ಟರನ್ನೋ? "ಸೂಕ್ತ" ಅಂದರೆ ಮಾಡಲೇಬೇಕೋ, ಮಾಡಿದರೆ ಒಳ್ಳೆಯದೋ? ತಿದ್ದಿದ ಮೇಲೆ ಅದು ಹೀಗಾಗುತ್ತದೆ:

ಎಚ್ಚರಿಕೆ: ಕೆಲಸ ಶುರು ಮಾಡುವ ಮೊದಲು ಹೈಡ್ರಾಲಿಕ್ ಒತ್ತಡ ಪೂರ್ತಿ ಇಳಿಸಿ. ಒತ್ತಡದಲ್ಲಿರುವ ದ್ರವ ಚಿಮ್ಮಿದರೆ ಗಾಯವಾಗುತ್ತದೆ.
1. ಗೇಜ್ ಸೊನ್ನೆ ತೋರಿಸುತ್ತಿದೆಯೇ ನೋಡಿ.
2. ಫಿಲ್ಟರ್ ಬಿಚ್ಚಿ.
3. ಸೀಲ್ ಪರೀಕ್ಷಿಸಿ.
4. ಸೀಲ್ ಹಾಳಾಗಿದ್ದರೆ ಹೊಸ ಸೀಲ್ ಹಾಕಿ.
5. ಫಿಲ್ಟರ್ ಜೋಡಿಸಿ.

ಎಚ್ಚರಿಕೆ ಯಾವಾಗಲೂ ಕೆಲಸದ ಹೆಜ್ಜೆಗಿಂತ ಮೊದಲು ಬರಬೇಕು. ಇದು ನಿಯಮ. ಆದರೆ ನಿಜವಾದ ಕೆಲಸ ಶುರುವಾಗುವುದು ಈಗ. ನಾಲ್ಕನೇ ಸಾಲು ಮತ್ತೆ ಓದಿ. "ಹಾಳಾಗಿದ್ದರೆ" ಅಂದರೆ ಏನು? ಎಷ್ಟು ಉದ್ದದ ಬಿರುಕು? ಬಣ್ಣ ಬದಲಾದರೆ ಹಾಳಾದಂತೆಯೇ? ಒಮ್ಮೆ ಬಿಚ್ಚಿದ ಸೀಲನ್ನು ಮತ್ತೆ ಬಳಸಬಹುದೇ? ಐದನೆಯದರಲ್ಲಿ ಎಷ್ಟು ಬಿಗಿ ಮಾಡಬೇಕು, ಟಾರ್ಕ್ ಎಷ್ಟು? ಜೋಡಿಸಿದ ಮೇಲೆ ಸೋರಿಕೆ ಪರೀಕ್ಷೆ ಯಾರು ಮಾಡುತ್ತಾರೆ? ಉದ್ದನೆಯ ವಾಕ್ಯದ ಒಳಗೆ ಈ ಪ್ರಶ್ನೆಗಳು ಅಡಗಿ ಕೂತಿದ್ದವು. ಚಿಕ್ಕದಾಗಿ ಒಡೆದ ಕೂಡಲೇ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಆಗ ನೀವು ಎಂಜಿನಿಯರ್ ಹತ್ತಿರ ಹೋಗಿ ಕೇಳಬೇಕು. ಅವರಿಗೂ ಗೊತ್ತಿಲ್ಲದಿದ್ದರೆ ಅವರು ಲೆಕ್ಕ ಹಾಕಬೇಕು. ಹೀಗೆ ಕೇಳುವ ಧೈರ್ಯ ಇರುವ ಬರಹಗಾರರನ್ನು ಒಳ್ಳೆಯ ಎಂಜಿನಿಯರ್‌ಗಳು ಬಿಟ್ಟುಕೊಡುವುದಿಲ್ಲ.

ಇನ್ನೊಂದು ಸಂಗತಿ. ಒಂದೇ ಮಾದರಿಯ ಎರಡು ವಿಮಾನಗಳು ಒಳಗೆ ಒಂದೇ ಥರ ಇರುವುದಿಲ್ಲ. ಸೀರಿಯಲ್ ನಂಬರ್ ಇಲ್ಲಿಂದ ಇಲ್ಲಿಯವರೆಗೆ ಹಳೆಯ ವಾಲ್ವ್, ಮುಂದಿನವುಗಳಿಗೆ ಹೊಸದು. ಯಾವ ಹೆಜ್ಜೆ ಯಾವ ವಿಮಾನಕ್ಕೆ ಅನ್ವಯಿಸುತ್ತದೆ ಅನ್ನುವುದನ್ನು ಪ್ರತಿ ಸಾಲಿಗೂ ಗುರುತು ಮಾಡಬೇಕು. ಅದಕ್ಕೇ ಈಗ ಪುಸ್ತಕವನ್ನು ಪುಟಗಳಾಗಿ ಬರೆಯುವುದಕ್ಕಿಂತ ಚಿಕ್ಕ ಚಿಕ್ಕ ಡೇಟಾ ಮಾಡ್ಯೂಲ್‌ಗಳಾಗಿ ಬರೆದು ಒಂದು ಡೇಟಾಬೇಸ್‌ನಲ್ಲಿ ಇಡುವ ಪದ್ಧತಿ ಹೆಚ್ಚಾಗಿದೆ. ಅದರ ಮಾನದಂಡ ಎಸ್1000ಡಿ. ಈ ಹೆಸರು ಕೆಲಸದ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುತ್ತೀರಿ. ಕಲಿಯಲು ಕಷ್ಟವಿಲ್ಲ, ತಾಳ್ಮೆ ಬೇಕು ಅಷ್ಟೇ.

ಪುಸ್ತಕದಲ್ಲಿ ಇದ್ದದ್ದನ್ನು ಓದದಿದ್ದರೆ ಏನಾಗುತ್ತದೆ ಅಂತ ಬ್ರಿಟಿಷ್ ವಿಮಾನದ ಕಥೆಯಲ್ಲಿ ನೋಡಿದೆವು. ಪುಸ್ತಕದಲ್ಲಿ ಇರಬೇಕಾದದ್ದು ಇಲ್ಲದಿದ್ದರೆ? ಬೋಯಿಂಗ್ 737 ಮ್ಯಾಕ್ಸ್‌ನಲ್ಲಿ ಎಂಕ್ಯಾಸ್ ಅನ್ನುವ ಸಾಫ್ಟ್‌ವೇರ್ ಇತ್ತು. ಕೆಲವು ಸಂದರ್ಭಗಳಲ್ಲಿ ಅದು ತಾನಾಗಿ ವಿಮಾನದ ಮೂಗನ್ನು ಕೆಳಕ್ಕೆ ತಳ್ಳುತ್ತಿತ್ತು. ಪೈಲಟ್‌ಗಳ ಮ್ಯಾನ್ಯುಯಲ್‌ನಲ್ಲಿ ಅದರ ವಿವರಣೆ ಇರಲಿಲ್ಲ. 2018ರ ಅಕ್ಟೋಬರ್ 29ರಂದು ಲಯನ್ ಏರ್ ವಿಮಾನ ಬಿದ್ದು 189 ಜನ ಸತ್ತರು. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಬಿದ್ದು 157 ಜನ. ಮ್ಯಾನ್ಯುಯಲ್‌ನಲ್ಲಿ ಏನು ಬಿಡಬೇಕು ಅನ್ನುವ ತೀರ್ಮಾನ ಬರೀ ಬರವಣಿಗೆಯ ತೀರ್ಮಾನ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇದೇ ಕಥೆ ನಿಮ್ಮನ್ನು ಎರಡನೇ ದಾರಿಗೂ ಕರೆದುಕೊಂಡು ಹೋಗುತ್ತದೆ, ಅಂದರೆ ಪತ್ರಿಕೋದ್ಯಮಕ್ಕೆ. ಸಿಯಾಟಲ್ ಟೈಮ್ಸ್ ಪತ್ರಿಕೆಯ ಡಾಮಿನಿಕ್ ಗೇಟ್ಸ್ 2019ರ ಮಾರ್ಚ್ 17ರಂದು ಒಂದು ವರದಿ ಬರೆದರು. ಬೋಯಿಂಗ್‌ನ ಸುರಕ್ಷತಾ ದಾಖಲೆಯಲ್ಲಿ ಎಂಕ್ಯಾಸ್ ಬಾಲದ ರೆಕ್ಕೆಯನ್ನು 0.6 ಡಿಗ್ರಿವರೆಗೆ ತಿರುಗಿಸಬಹುದು ಅಂತ ಇತ್ತು. ನಿಜವಾಗಿ ಅದು 2.5 ಡಿಗ್ರಿವರೆಗೆ ತಿರುಗಿಸಬಲ್ಲದಾಗಿತ್ತು. ಗಮನಿಸಿ, ಈ ವರದಿಯ ಬಗ್ಗೆ ಅವರು ಕಂಪನಿಗೂ ನಿಯಂತ್ರಣ ಸಂಸ್ಥೆಗೂ ಪ್ರಶ್ನೆ ಕಳಿಸಿದ್ದು ಎರಡನೇ ವಿಮಾನ ಬೀಳುವ ಮುಂಚೆಯೇ. ಗೇಟ್ಸ್ ಮತ್ತು ಅವರ ಮೂವರು ಸಹೋದ್ಯೋಗಿಗಳಿಗೆ 2020ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಗೇಟ್ಸ್ ವಿಮಾನ ಎಂಜಿನಿಯರ್ ಏನಲ್ಲ, ಪತ್ರಿಕೆಗೆ ಬರುವ ಮುಂಚೆ ಗಣಿತ ಮೇಷ್ಟ್ರಾಗಿದ್ದವರು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಇವು ಯಾಕೆ ಹೊಂದುತ್ತಿಲ್ಲ ಅಂತ ಕೇಳುವ ಗುಣ ಇದ್ದರೆ ಸಾಕು, ಉಳಿದದ್ದನ್ನು ಕಲಿಯಬಹುದು.

ಪತ್ರಿಕೋದ್ಯಮ ಓದಿದ ನಿಮಗೆ ಸಂದರ್ಶನ ಮಾಡುವುದನ್ನು ನಾನು ಹೇಳಿಕೊಡಬೇಕಿಲ್ಲ. ಈ ಕ್ಷೇತ್ರದಲ್ಲಿ ಜನ ಎಲ್ಲಿ ಎಡವುತ್ತಾರೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಅಂಕಿಗಳು. ಈಗ ಅಪಘಾತ ಆದ ಹತ್ತು ನಿಮಿಷದಲ್ಲಿ ಫ್ಲೈಟ್‌ರೇಡಾರ್24ನಂಥ ಜಾಲತಾಣದ ಗ್ರಾಫ್ ಎಲ್ಲರ ಫೋನಿನಲ್ಲೂ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಾಣುವ ವೇಗ ನೆಲಕ್ಕೆ ಹೋಲಿಸಿದ ವೇಗ. ರೆಕ್ಕೆಗೆ ಬೇಕಾಗುವುದು ಗಾಳಿಗೆ ಹೋಲಿಸಿದ ವೇಗ. ಎದುರು ಗಾಳಿ ಜೋರಾಗಿದ್ದರೆ ಎರಡಕ್ಕೂ ಭಾರಿ ವ್ಯತ್ಯಾಸ. ಕಾಣುವ ಎತ್ತರವೂ ಸಾಮಾನ್ಯವಾಗಿ 1013.25 ಹೆಕ್ಟೋಪಾಸ್ಕಲ್ ಅನ್ನುವ ಗೊತ್ತುಮಾಡಿದ ವಾಯುಒತ್ತಡವನ್ನು ಆಧರಿಸಿದ ಎತ್ತರ. ಅವತ್ತಿನ ಒತ್ತಡ ಬೇರೆ ಇದ್ದರೆ ನಿಜವಾದ ಎತ್ತರವೂ ಬೇರೆ. ಇದು ಗೊತ್ತಿಲ್ಲದವರು "ವಿಮಾನ ಇದ್ದಕ್ಕಿದ್ದಂತೆ ವೇಗ ಕಳೆದುಕೊಂಡಿತು" ಅಂತ ಬರೆದು, ಸತ್ತ ಪೈಲಟ್‌ನ ಮೇಲೆ ಇಲ್ಲದ ತಪ್ಪು ಹೊರಿಸುತ್ತಾರೆ. ಅದನ್ನು ಆ ಪೈಲಟ್‌ನ ಮಕ್ಕಳೂ ಓದುತ್ತಾರೆ ಅಲ್ವಾ?

ಅಂಕಿಯ ಜೊತೆ ಅದರ ಅಳತೆ ಕಿಲೋನೋ ಪೌಂಡೋ ಅಂತ ಬರೆಯುವುದನ್ನು ಬಿಡಬೇಡಿ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 41,000 ಅಡಿ ಎತ್ತರದಲ್ಲಿ ಇಂಧನ ಖಾಲಿಯಾಯಿತು. ಲೀಟರ್‌ನಿಂದ ತೂಕಕ್ಕೆ ಲೆಕ್ಕ ಹಾಕುವಾಗ ಕಿಲೋಗ್ರಾಮಿನ ಬದಲು ಪೌಂಡಿನ ಗುಣಕ 1.77 ಬಳಸಿದ್ದರು. ಬೇಕಾದದ್ದು 22,300 ಕಿಲೋ, ಇದ್ದದ್ದು ಅದರ ಅರ್ಧಕ್ಕೂ ಕಡಿಮೆ. ಎಂಜಿನ್ ಇಲ್ಲದೆ ತೇಲಿಕೊಂಡು ಬಂದು ಗಿಮ್ಲಿ ಅನ್ನುವ ಹಳೆಯ ವಾಯುನೆಲೆಯಲ್ಲಿ ಇಳಿಯಿತು, ಯಾರೂ ಸಾಯಲಿಲ್ಲ.

ಎರಡನೆಯದು ಅವಸರ. 2013ರ ಜುಲೈನಲ್ಲಿ ಏಷಿಯಾನಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಪಘಾತವಾಯಿತು. ಕೆಲವು ದಿನಗಳಲ್ಲಿ ಒಂದು ಟಿವಿ ಚಾನೆಲ್ ಪೈಲಟ್‌ಗಳ ಹೆಸರು ಅಂತ ನಾಲ್ಕು ಹೆಸರು ಓದಿತು. ಅವು ಯಾರೋ ಕಿಡಿಗೇಡಿಗಳು ಕಟ್ಟಿದ ಕೀಳು ತಮಾಷೆಯ ಹೆಸರುಗಳು. ಚಾನೆಲ್ ಪರಿಶೀಲನೆ ಮಾಡಿಯೇ ಇರಲಿಲ್ಲ ಅಂತಲ್ಲ. ತನಿಖಾ ಸಂಸ್ಥೆಗೆ ಫೋನ್ ಮಾಡಿತ್ತು, ಅಲ್ಲಿನ ಒಬ್ಬ ಬೇಸಿಗೆ ತರಬೇತಿಯ ಹುಡುಗ ಹೌದು ಅಂದಿದ್ದ. ಯಾರು ಹೇಳಿದರು, ಅವರಿಗೆ ಹೇಳುವ ಅಧಿಕಾರ ಇದೆಯೇ, ಅವರಿಗೆ ಹೇಗೆ ಗೊತ್ತು ಅಂತ ಕೇಳದೆ ಹೌದು ಅನ್ನುವ ಒಂದು ಮಾತನ್ನು ನಂಬಿದರೆ ಹೀಗಾಗುತ್ತದೆ.

ಅಪಘಾತದ ತನಿಖೆಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನೆಕ್ಸ್ 13 ಅನ್ನುವ ನಿಯಮಾವಳಿ ಇದೆ. ಅದನ್ನು ಒಮ್ಮೆ ಓದಿಬಿಡಿ. ತನಿಖೆಯ ಉದ್ದೇಶ ಇನ್ನೊಂದು ಅಪಘಾತ ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ ಅಂತ ಅದರಲ್ಲೇ ಬರೆದಿದೆ. ಪ್ರಾಥಮಿಕ ವರದಿಗೆ 30 ದಿನ, ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ. ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿತ್ತು, ಅದರ ರೆಕಾರ್ಡರ್‌ಗಳು (ಬ್ಲ್ಯಾಕ್ ಬಾಕ್ಸ್) ಸಮುದ್ರದ ತಳದಿಂದ ಸಿಕ್ಕಿದ್ದು 2011ರ ಮೇ ತಿಂಗಳಲ್ಲಿ, ಅಂತಿಮ ವರದಿ ಬಂದದ್ದು 2012ರ ಜುಲೈನಲ್ಲಿ. ಮೊದಲ ದಿನವೇ ಕಾರಣ ಬರೆಯುವವರನ್ನು ನಂಬಬೇಡಿ, ನೀವೂ ಬರೆಯಬೇಡಿ. ಮೊದಲ ದಿನ ಬರೆಯಲು ಬೇಕಾದಷ್ಟಿದೆ: ಆ ಮಾದರಿಯ ಹಿನ್ನೆಲೆ, ಅವತ್ತಿನ ಹವಾಮಾನದ ದಾಖಲೆ, ತನಿಖೆ ಯಾರು ಮಾಡುತ್ತಾರೆ, ಮುಂದಿನ ಹೆಜ್ಜೆ ಏನು.

ವ್ಯಾಪಾರದ ಸುದ್ದಿ ಇನ್ನೊಂದು ಲೋಕ. ಬೆಸ ವರ್ಷ ಪ್ಯಾರಿಸ್ ಏರ್ ಶೋ, ಸಮ ವರ್ಷ ಇಂಗ್ಲೆಂಡಿನ ಫಾರ್ನ್‌ಬರೊ ಏರ್ ಶೋ. ಅಲ್ಲಿ ನೂರಾರು ವಿಮಾನಗಳ ಘೋಷಣೆ ಆಗುತ್ತದೆ. ಅದರಲ್ಲಿ ಗಟ್ಟಿ ಆರ್ಡರ್ ಎಷ್ಟು, ಆಪ್ಷನ್ (ಬೇಕಾದರೆ ಮುಂದೆ ಕೊಳ್ಳುವ ಹಕ್ಕು) ಎಷ್ಟು, ಬರೀ ಒಪ್ಪಂದ ಪತ್ರ ಎಷ್ಟು, ಹಿಂದೆಯೇ ಹೆಸರು ಹೇಳದೆ ದಾಖಲಾಗಿದ್ದ ಆರ್ಡರ್‌ಗೆ ಇವತ್ತು ಹೆಸರು ಕೊಟ್ಟಿದ್ದು ಎಷ್ಟು ಅಂತ ಬಿಡಿಸಿ ಬರೆಯುವವರಿಗೆ ಉದ್ಯಮದ ಪತ್ರಿಕೆಗಳಲ್ಲಿ ಬೆಲೆ ಇದೆ. ಆ ಪತ್ರಿಕೆಗಳಲ್ಲಿ ಜಾಗ ಕಡಿಮೆ, ಬರುವವರು ಬಿಟ್ಟು ಹೋಗುವುದೂ ಕಡಿಮೆ. ಸ್ವತಂತ್ರವಾಗಿ ಬರೆದುಕೊಂಡೇ ಮನೆ ನಡೆಸುತ್ತೇನೆ ಅಂತ ಮೊದಲ ವರ್ಷವೇ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಂಬಳದ ಕೆಲಸ ಇಟ್ಟುಕೊಂಡು ಬರೆಯಿರಿ.

ಮೂರನೇ ದಾರಿ ಸಂವಹನ. ವಿಮಾನ ಕಂಪನಿ, ಎಂಜಿನ್ ತಯಾರಕರು, ವಿಮಾನ ನಿಲ್ದಾಣ, ಬಾಹ್ಯಾಕಾಶ ಸಂಸ್ಥೆ, ಎಲ್ಲರಿಗೂ ಈ ವಿಭಾಗ ಇದೆ. ಪತ್ರಿಕಾ ಪ್ರಕಟಣೆ, ಭಾಷಣ, ಉಡಾವಣೆಯ ಮಾಹಿತಿ ಕೈಪಿಡಿ, ಸಿಬ್ಬಂದಿಗೆ ಬರೆಯುವ ಪತ್ರ ಎಲ್ಲ ಇದರಲ್ಲೇ ಬರುತ್ತದೆ. ಬರೀ ಹೊಗಳಿಕೆಯ ಕೆಲಸ ಅಂದುಕೊಂಡವರಿಗೆ ನಾನು ಕೊಲಂಬಿಯಾ ಅನ್ನುವ ಬಾಹ್ಯಾಕಾಶ ನೌಕೆಯ ಒಂದು ಸ್ಲೈಡ್ ಕಥೆ ಹೇಳುತ್ತೇನೆ.

2003ರ ಜನವರಿಯಲ್ಲಿ ಕೊಲಂಬಿಯಾ ಶಟಲ್ ಮೇಲೇರುವಾಗ ಇಂಧನ ಟ್ಯಾಂಕಿನ ನೊರೆ ಹೊದಿಕೆಯ ತುಂಡು ಕಿತ್ತು ಬಂದು ಎಡ ರೆಕ್ಕೆಗೆ ಬಡಿಯಿತು. ಶಟಲ್ ಇನ್ನೂ ಮೇಲೆ ಸುತ್ತುತ್ತಿರುವಾಗಲೇ ಎಂಜಿನಿಯರ್‌ಗಳು ಅಪಾಯವನ್ನು ಲೆಕ್ಕ ಹಾಕಿ ನಾಸಾದ ಮೇಲಧಿಕಾರಿಗಳಿಗೆ ಸ್ಲೈಡ್‌ಗಳಲ್ಲಿ ವಿವರಿಸಿದರು. ಒಂದು ಸ್ಲೈಡಿನ ತಲೆಬರಹ ನೋಡಿದರೆ ಚಿಂತೆ ಮಾಡಬೇಕಾದ್ದಿಲ್ಲ ಅನಿಸುವಂತಿತ್ತು. ಕೆಳಗೆ ಸಾಲಿನ ಒಳಗೆ ಉಪಸಾಲು, ಅದರ ಒಳಗೆ ಇನ್ನೊಂದು. ತೀರಾ ಕೊನೆಯಲ್ಲಿ ಚಿಕ್ಕದಾಗಿ ಒಂದು ಸಾಲು: ಬಡಿದ ತುಂಡಿನ ಗಾತ್ರ 1920 ಘನ ಇಂಚು, ಪರೀಕ್ಷೆ ಮಾಡಿದ್ದು 3 ಘನ ಇಂಚಿನದು. ಅಂದರೆ 640 ಪಟ್ಟು ದೊಡ್ಡದು. ಇಡೀ ಸ್ಲೈಡಿನಲ್ಲಿ ಮುಖ್ಯವಾದ ಮಾತು ಇದೊಂದೇ, ಅದೇ ತಳದಲ್ಲಿ ಕೂತಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ಶಟಲ್ ಚೂರುಚೂರಾಗಿ ಏಳು ಜನ ಗಗನಯಾತ್ರಿಗಳೂ ಸತ್ತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ತನಿಖಾ ವರದಿ ಈ ಸ್ಲೈಡನ್ನೇ ಎತ್ತಿ ತೋರಿಸಿ, ತಾಂತ್ರಿಕ ಬರಹದ ಜಾಗದಲ್ಲಿ ಸ್ಲೈಡ್‌ಗಳನ್ನು ಬಳಸುವ ಅಭ್ಯಾಸವನ್ನು ಟೀಕಿಸಿತು. ಸ್ಲೈಡ್ ಚೆನ್ನಾಗಿದ್ದಿದ್ದರೆ ಅವರೆಲ್ಲ ಬದುಕುತ್ತಿದ್ದರು ಅಂತ ಯಾರೂ ಹೇಳಲಾರರು. ಆದರೆ ತೀರ್ಮಾನ ಮಾಡುವವರ ಮುಂದೆ ಆ 640 ಪಟ್ಟು ಅನ್ನುವ ಮಾತು ಮೊದಲ ಸಾಲಿನಲ್ಲಿ ಇರಬೇಕಿತ್ತು. ನೀವು ಈ ವಿಭಾಗಕ್ಕೆ ಸೇರಿದರೆ, ಎಂಜಿನಿಯರ್‌ಗಳ ಸ್ಲೈಡ್ ತಿದ್ದಿಕೊಡಿ ಅಂತ ನಿಮ್ಮ ಹತ್ತಿರ ಬರುತ್ತಾರೆ. ಅಕ್ಷರದ ಬಣ್ಣ ಸರಿ ಮಾಡಿ ವಾಪಸ್ ಕೊಡಬೇಡಿ. ಇದರಲ್ಲಿ ಅತಿ ಮುಖ್ಯವಾದ ಮಾತು ಯಾವುದು ಅಂತ ಕೇಳಿ, ಅದನ್ನು ಮೇಲಕ್ಕೆ ತನ್ನಿ.

ಅವಘಡದ ದಿನದ ಕೆಲಸವೂ ಇದೇ ವಿಭಾಗದ್ದು. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಾಸ್‌ನ ಎ380 ವಿಮಾನದ ಎಂಜಿನ್ ಒಡೆದು ತುಂಡುಗಳು ಇಂಡೊನೇಷ್ಯಾದ ಬಾತಮ್ ದ್ವೀಪಕ್ಕೆ ಬಿದ್ದವು. ಕೆಳಗೆ ಸಿಕ್ಕ ತುಂಡುಗಳ ಫೋಟೊ ಹರಿದಾಡಿ, ವಿಮಾನವೇ ಬಿತ್ತು ಅನ್ನುವ ಸುದ್ದಿ ಹಬ್ಬಿತು. ಆ ಹೊತ್ತಿಗೆ ವಿಮಾನ 469 ಜನರ ಸಮೇತ ಆಕಾಶದಲ್ಲೇ ಇತ್ತು, ಆಮೇಲೆ ಎಲ್ಲರನ್ನೂ ಸುರಕ್ಷಿತವಾಗಿ ಇಳಿಸಿತು. ಕಂಪನಿ ಬಾಯಿ ಬಿಡುವುದು ತಡವಾದಷ್ಟೂ ಆ ಜಾಗವನ್ನು ಬೇರೆಯವರ ಊಹೆ ತುಂಬುತ್ತದೆ.

ಹಾಗಂತ ಕಾರಣದ ಬಗ್ಗೆ ಮಾತಾಡುವಂತಿಲ್ಲ, ಅದು ತನಿಖಾ ಸಂಸ್ಥೆಯ ಹಕ್ಕು. ಮೊದಲ ಪ್ರಕಟಣೆಯಲ್ಲಿ ಇರಬೇಕಾದದ್ದು ಇಷ್ಟೇ: ವಿಮಾನದ ನಂಬರ್, ಮಾದರಿ, ಎಲ್ಲಿಂದ ಎಲ್ಲಿಗೆ, ಖಚಿತವಾದರೆ ಒಳಗಿದ್ದವರ ಸಂಖ್ಯೆ, ಮನೆಯವರು ಕರೆ ಮಾಡಬೇಕಾದ ನಂಬರ್, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಕೊನೆಯದನ್ನು ಜನ ಮರೆಯುತ್ತಾರೆ. ಕಾಯುವವರಿಗೆ ಅದೇ ದೊಡ್ಡದು. "ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ" ಅನ್ನುವ ಸಾಲು ಯಾರಾದರೂ ಸೇರಿಸಿದರೆ ತೆಗೆಸಿ. ಅವತ್ತು ಆ ಮಾತು ಕೇಳುವ ಮನಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಸಾವಿನ ಸುದ್ದಿ ಮನೆಯವರಿಗೆ ಮೊದಲು ತಲುಪಬೇಕು, ಮನುಷ್ಯರ ಬಾಯಿಂದ ತಲುಪಬೇಕು. ಕಾಣೆಯಾದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನದಲ್ಲಿ 239 ಜನ ಇದ್ದರು. ಯಾರೂ ಉಳಿದಿಲ್ಲ ಅಂತ ಭಾವಿಸಬೇಕಾಗಿದೆ ಅನ್ನುವ ಸಂದೇಶ 2014ರ ಮಾರ್ಚ್ 24ರಂದು ಕೆಲವು ಕುಟುಂಬಗಳ ಫೋನಿಗೆ ಎಸ್‌ಎಂಎಸ್ ಆಗಿ ಬಂತು. ಬೇರೆ ರೀತಿಯಲ್ಲಿ ತಿಳಿಸುವ ಪ್ರಯತ್ನವೂ ಆಗಿತ್ತು ಅಂತ ಕಂಪನಿ ಹೇಳಿತು. ಆದರೆ ಜನ ಇವತ್ತಿಗೂ ನೆನೆಯುವುದು ಆ ಎಸ್‌ಎಂಎಸ್‌ನ್ನೇ.

ಈ ಕೆಲಸದಲ್ಲಿ ಗೊತ್ತಿದ್ದೂ ಹೇಳಬಾರದ ಸಂಗತಿಗಳು ತುಂಬಾ ಇರುತ್ತವೆ. ತನಿಖೆ, ರಕ್ಷಣಾ ತಂತ್ರಜ್ಞಾನದ ರಫ್ತು ಕಾನೂನು, ಷೇರು ಮಾರುಕಟ್ಟೆಯ ನಿಯಮ, ಎಲ್ಲವೂ ಬಾಯಿ ಕಟ್ಟುತ್ತವೆ. ಸುಮ್ಮನಿರುವುದು ಕೆಲಸದ ಭಾಗ. ಸುಳ್ಳು ಬರೆಯುವುದು ಅಲ್ಲ. ಬರೆಯಲು ಒತ್ತಾಯ ಬಂದರೆ ಆ ಜಾಗ ಬಿಡಿ, ಇದರಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ.

ಎಐ ಬಗ್ಗೆ ಕೇಳಿದ್ದೀರಿ. ಪತ್ರಿಕಾ ಪ್ರಕಟಣೆಯನ್ನು ತಿರುಗಿಸಿ ಸುದ್ದಿ ಮಾಡುವ ಕೆಲಸ, ಹಳೆಯ ಮ್ಯಾನ್ಯುಯಲ್ ಅನ್ನು ಹೊಸ ರೂಪಕ್ಕೆ ಹಾಕುವ ಕೆಲಸ ಕಡಿಮೆಯಾಗುತ್ತವೆ. ಹೊಸಬರು ಕಲಿಯುತ್ತಿದ್ದದ್ದು ಅಲ್ಲೇ, ಅದು ನನಗೆ ಚಿಂತೆಯ ವಿಷಯ. ಆದರೆ ಮೇಲಿನ ಸೀಲ್ ಉದಾಹರಣೆಗೆ ಹೋಗಿ. ಯಂತ್ರ ಆ ವಾಕ್ಯವನ್ನು ಚೆನ್ನಾಗಿ ಒಡೆಯುತ್ತದೆ. ಟಾರ್ಕ್ ಎಷ್ಟು ಅಂದರೆ ನಂಬುವಂಥ ಒಂದು ಅಂಕಿಯನ್ನೂ ಕೊಡಬಹುದು, ಅದು ತಪ್ಪಿರಬಹುದು. ಹ್ಯಾಂಗರ್‌ಗೆ ಹೋಗಿ, ಬರೆದ ಕ್ರಮದಲ್ಲೇ ಫಿಲ್ಟರ್ ಬಿಚ್ಚಿಸಿ, ಎರಡನೇ ಹೆಜ್ಜೆಯಲ್ಲಿ ಸ್ಪ್ಯಾನರ್ ತಿರುಗಲು ಜಾಗವೇ ಇಲ್ಲ ಅಂತ ಕಂಡುಹಿಡಿದು, ತಿದ್ದಿ ಸಹಿ ಹಾಕುವುದು ಮನುಷ್ಯರೇ. ಉಪಕರಣ ಬಳಸಿ, ಅದು ಕೊಟ್ಟ ಪ್ರತಿ ಅಂಕಿಯನ್ನೂ ಮೂಲಕ್ಕೆ ಹೋಗಿ ನೋಡಿ.

ಇನ್ನು ಶುರು ಮಾಡುವುದು. ಹಾರಾಟದ ಮೂಲ ವಿಜ್ಞಾನ ಕಲಿಯಿರಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪೈಲಟ್ ವಿದ್ಯಾರ್ಥಿಗಳಿಗಾಗಿ ಮಾಡಿರುವ ಕೈಪಿಡಿಗಳು ಉಚಿತವಾಗಿ ಸಿಗುತ್ತವೆ. ಎಸ್‌ಟಿಇ ಮಾನದಂಡದ ಪ್ರತಿಯನ್ನೂ ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಆಮೇಲೆ ಅಪಘಾತದ ಅಂತಿಮ ವರದಿಗಳನ್ನು ಪೂರ್ತಿ ಓದಿ, ಸಾರಾಂಶ ಓದಿ ನಿಲ್ಲಿಸಬೇಡಿ. ಈ ಕ್ಷೇತ್ರದ ಒಳ್ಳೆಯ ಗದ್ಯ ನನ್ನ ಪ್ರಕಾರ ಇರುವುದೇ ಅಲ್ಲಿ. 2005ರಲ್ಲಿ ಬಿದ್ದ ಹೀಲಿಯೋಸ್ ಏರ್‌ವೇಸ್‌ನ 522 ನಂಬರಿನ ವಿಮಾನದ ವರದಿಯಿಂದ ಶುರು ಮಾಡಿ. ಕ್ಯಾಬಿನ್ ಒತ್ತಡ ಕಡಿಮೆಯಾದಾಗ ಕೂಗುವ ಹಾರ್ನ್‌ಗೂ, ಟೇಕಾಫ್ ಹೊತ್ತಿಗೆ ಏನೋ ಸರಿ ಇಲ್ಲ ಅಂತ ಕೂಗುವ ಹಾರ್ನ್‌ಗೂ ಒಂದೇ ದನಿ ಇತ್ತು. ಪೈಲಟ್‌ಗಳು ಒಂದನ್ನು ಇನ್ನೊಂದು ಅಂದುಕೊಂಡರು, 121 ಜನ ಸತ್ತರು. ಒಂದೇ ಚಿಹ್ನೆಗೆ ಎರಡು ಅರ್ಥ ಕೊಡಬಾರದು ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ಯಾವ ಪಾಠವೂ ಕಲಿಸುವುದಿಲ್ಲ.

ಓದಿದ ಮೇಲೆ ನಾಲ್ಕು ಮಾದರಿ ಬರೆಯಿರಿ. ಒಂದು ಅಪಘಾತ ವರದಿಯನ್ನು ಸಾಮಾನ್ಯ ಓದುಗರಿಗೆ 800 ಪದದಲ್ಲಿ ಹೇಳಿ. ಸೈಕಲ್ ಚೈನ್ ಬದಲಿಸುವುದನ್ನೋ ನೀರಿನ ಪಂಪ್ ಬಿಚ್ಚುವುದನ್ನೋ ಎಸ್‌ಟಿಇ ನಿಯಮದಲ್ಲಿ ಬರೆದು, ಆ ಕೆಲಸ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಮಾಡಿಸಿ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರಿ. ಅವರು ತಡವರಿಸಿದ ಜಾಗಗಳನ್ನೆಲ್ಲ ಗುರುತು ಹಾಕಿ ತಿದ್ದಿ, ಮೊದಲಿನದು ಮತ್ತು ತಿದ್ದಿದ್ದು ಎರಡನ್ನೂ ಇಟ್ಟುಕೊಳ್ಳಿ. ಒಂದು ಏರ್ ಶೋ ಘೋಷಣೆಯನ್ನು ಬಿಡಿಸಿ ಬರೆಯಿರಿ. ಒಂದು ಕಾಲ್ಪನಿಕ ಅವಘಡಕ್ಕೆ ಮೊದಲ ಗಂಟೆಯ ಪ್ರಕಟಣೆ ಬರೆಯಿರಿ.

ಅರ್ಜಿ ಹಾಕುವಾಗ ನಾಲ್ಕನ್ನೂ ಎಲ್ಲರಿಗೂ ಕಳಿಸಬೇಡಿ. ಮ್ಯಾನ್ಯುಯಲ್ ಕೆಲಸಕ್ಕೆ ಪಂಪಿನ ಎರಡು ಪ್ರತಿ, ಪತ್ರಿಕೆಗೆ ಅಪಘಾತದ ಬರಹ ಅಥವಾ ಆರ್ಡರ್‌ಗಳ ವಿಶ್ಲೇಷಣೆ, ಸಂವಹನ ವಿಭಾಗಕ್ಕೆ ಪ್ರಕಟಣೆ. ಪ್ರತಿ ಮಾದರಿಗೂ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅದರಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ದಾಖಲೆಯ ಯಾವ ಪುಟದಿಂದ ಬಂತು ಅಂತ ಬರೆದಿರಬೇಕು. ಸಂದರ್ಶನದಲ್ಲಿ ಯಾವುದಾದರೂ ಒಂದು ಅಂಕಿಗೆ ಬೆರಳಿಟ್ಟು "ಇದು ಎಲ್ಲಿಂದ ಬಂತು?" ಅಂತ ಕೇಳಿದರೆ, ಆ ಪುಟ ತೆರೆದು ತೋರಿಸಿ.